ಸೋಮವಾರ ಬೆಳಗ್ಗೆಗೆ ಗಾಡಿ ಬೇಕು

ಆಫೀಸಿನ ದಾರಿಯಲ್ಲಿ ಕಡಕೊಳ ದಾಟುವ ಹೊತ್ತಿಗೆ ಕಾಲ ಕೆಳಗೆ ಒಂದು ಸದ್ದು ಶುರುವಾಯಿತು. ನನ್ನ ಯೆಜ್ಡಿ ಬೈಕಿಗೆ ತನ್ನದೇ ಆದ ಸದ್ದುಗಳು ಎಷ್ಟೋ ಇವೆ, ಅವೆಲ್ಲ ನನಗೆ ಗೊತ್ತು. ಇದು ಗೊತ್ತಿಲ್ಲದ್ದು. ಒಣಗಿದ ತೆಂಗಿನಕಾಯಿಯನ್ನು ಯಾರೋ ಬೆರಳ ಗೆಣ್ಣಿನಿಂದ ಬಡಿದ ಹಾಗೆ ಇಂಜಿನ್ನಿನ ತಳದಿಂದ ಟಕ ಟಕ ಟಕ. ಆಕ್ಸಿಲರೇಟರ್ ಕೊಟ್ಟಷ್ಟೂ ಜೋರಾಗುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ಹಿಂದಿನ ರಸ್ತೆಯೇ ಕಾಣದಷ್ಟು ಬಿಳಿ ಹೊಗೆ. ಗಾಡಿ ಪಕ್ಕಕ್ಕೆ ಹಾಕಿ, ನಂಜನಗೂಡಿನ ಆಫೀಸಿಗೆ ಫೋನ್ ಮಾಡಿ ರಜೆ ಹೇಳಿ, ಲಗೇಜ್ ಆಟೋ ಸಿಗುವವರೆಗೆ ಹುಣಸೆ ಮರದ ಕೆಳಗೆ ನಿಂತೆ. ಆ ವರ್ಷ ಹಾಗೆ ನಿಂತದ್ದು ನಾಲ್ಕನೇ ಸಲ.

ನನ್ನದು 1984ರ ರೋಡ್‌ಕಿಂಗ್. ಕೆಲಸಕ್ಕೆ ಸೇರಿದ ಹೊಸತರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. 250 ಸಿಸಿ, 16 ಕುದುರೆ ಶಕ್ತಿ. ಈಗಿನ ಲೆಕ್ಕಕ್ಕೆ ಅದು ದೊಡ್ಡದಲ್ಲ. ಆದರೆ ಕಾರಿನ ಕನಸನ್ನೂ ಕಾಣಲಾರದ ಮನೆಗಳ ಹುಡುಗರಿಗೆ ಆ ಕಾಲದ ಸ್ಪೋರ್ಟ್ಸ್ ಕಾರೆಂದರೆ ಇದೇ. ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ಕಿಕ್ಕರ್ ಬೇರೆ, ಗೇರ್ ಲಿವರ್ ಬೇರೆ ಎಂಬುದೇ ಇಲ್ಲ. ಎಡಗಾಲಿನ ಹತ್ತಿರ ಇರುವ ಒಂದೇ ಲಿವರನ್ನು ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್. ಇಂಜಿನ್ ಹತ್ತಿಕೊಂಡ ಮೇಲೆ ಮುಂದಕ್ಕೆ ಮಲಗಿಸಿದರೆ ಅದೇ ಗೇರು. ಮೊದಲ ಸಲ ಕೈಗೆ ಸಿಕ್ಕವರು ಕಿಕ್ಕರ್ ಹುಡುಕುತ್ತಾ ಗಾಡಿಯ ಸುತ್ತ ಒಂದು ಸುತ್ತು ಬರುತ್ತಾರೆ. ಗೇರ್ ಬದಲಿಸುವಾಗ ಕ್ಲಚ್ ಹಿಡಿಯದಿದ್ದರೂ ನಡೆಯುತ್ತದೆ, ಲಿವರ್ ಒತ್ತಿದರೆ ಕ್ಲಚ್ಚು ತಾನೇ ಬಿಡುತ್ತದೆ. ಇಷ್ಟು ಅಚ್ಚುಕಟ್ಟಾಗಿ ಯೋಚಿಸಿದ ಯಂತ್ರವನ್ನು ನಾನು ಬೇರೆ ಕಂಡಿಲ್ಲ.

ಮೈಸೂರಿನವರಿಗೆ ಇದು ಮನೆಯ ಗಾಡಿ. ಚೆಕೊಸ್ಲೊವಾಕಿಯಾದ ಜಾವಾ ಮೋಟಾರ್‌ಸೈಕಲ್ಲನ್ನು ಇಲ್ಲಿ ತಯಾರಿಸಲು ಇರಾನಿ ಕುಟುಂಬದ ರುಸ್ತುಂ ಮತ್ತು ಫರೋಖ್ ಯಾದವಗಿರಿಯಲ್ಲಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜೇಂದ್ರ ಒಡೆಯರ್ ಉದ್ಘಾಟಿಸಿದರು. 1973ರಿಂದ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಬಾಗಿಲು ಮುಚ್ಚಿತು. ಊರಿನಲ್ಲಿ ಎಷ್ಟೋ ಮನೆಗಳ ಅನ್ನ ಆ ಬಾಗಿಲಿನಿಂದ ಬರುತ್ತಿತ್ತು. ಮುಚ್ಚಿದ ಮೇಲೆ ಅಲ್ಲಿ ಪಳಗಿದ ಕೈಗಳಲ್ಲಿ ಕೆಲವು ಗಲ್ಲಿಗಳಲ್ಲಿ ಸಣ್ಣ ಸಣ್ಣ ಗ್ಯಾರೇಜು ಹಾಕಿಕೊಂಡವು. ಮಂಡಿ ಮೊಹಲ್ಲಾದ ನಮ್ಮ ಮೆಕ್ಯಾನಿಕ್ ಅಂಥವರಲ್ಲಿ ಒಬ್ಬರು. ಇಪ್ಪತ್ತೆರಡರ ಹುಡುಗನಾಗಿ ಕಾರ್ಖಾನೆ ಸೇರಿದವರಿಗೆ ಈಗ ಅರವತ್ತು ದಾಟಿದೆ.

ಅವರು ಮರುದಿನ ಹೆಡ್ಡು, ಸಿಲಿಂಡರು ಬಿಚ್ಚಿ ನನ್ನನ್ನು ಕರೆದರು. ಪಿಸ್ಟನ್ ಕಳಚಿದ ಮೇಲೆ ಕನೆಕ್ಟಿಂಗ್ ರಾಡ್ ಒಂಟಿಯಾಗಿ ಮೇಲಕ್ಕೆ ನಿಂತಿತ್ತು. ಅದನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ನೇರ ಮೇಲೆತ್ತಿದರು, ಕೆಳಗೊತ್ತಿದರು. ಟಕ್. ನನ್ನ ಬೆರಳನ್ನೂ ಅಲ್ಲಿಟ್ಟು ಮಾಡಿಸಿದರು. ಕೂದಲೆಳೆಯಷ್ಟು ಆಟ. ಆ ಕೂದಲೆಳೆಯೇ ಕಡಕೊಳದಲ್ಲಿ ಅಷ್ಟು ಜೋರಾಗಿ ಬಡಿಯುತ್ತಿದ್ದದ್ದು.

"ಸಾರ್, ಕ್ರ್ಯಾಂಕು ಹೋಗಿದೆ. ಇವತ್ತು ನಿನ್ನೆ ಹೋದದ್ದಲ್ಲ ಇದು."

ಕ್ರ್ಯಾಂಕು, ಬೇರಿಂಗು, ಬೋರ್ ಮಾಡಿಸಿ ಹೊಸ ಪಿಸ್ಟನ್, ಸೀಲುಗಳು, ಕೂಲಿ ಎಲ್ಲ ಸೇರಿ ಮೂವತ್ತು ಸಾವಿರ ಎಂದರು. ಮನೆಯಲ್ಲಿ ಕೂಡಿಟ್ಟದ್ದು ನಲವತ್ತು. ಅದೇ ದುಡ್ಡಿನೊಳಗೆ ಪರಿಚಯದವರೊಬ್ಬರು ಹೀರೋ ಹೋಂಡಾ ಸ್ಪ್ಲೆಂಡರ್ ಕೊಡಲು ತಯಾರಿದ್ದರು, ಮೂವತ್ತೈದಕ್ಕೆ. ಎರಡೂ ಒಟ್ಟಿಗೆ ಆಗುವ ಮಾತಲ್ಲ.

ಲೆಕ್ಕ ಹಾಕಿದೆ. ದಿನಕ್ಕೆ ಹೋಗಿಬರುವುದು 46 ಕಿಲೋಮೀಟರು, ತಿಂಗಳಿಗೆ ಸುಮಾರು 1,100. ಯೆಜ್ಡಿ ಲೀಟರಿಗೆ ಇಪ್ಪತ್ತೆಂಟು ಕೊಟ್ಟರೆ ಹೆಚ್ಚು. ಲೀಟರು ನೂರು ರೂಪಾಯಿ ಎಂದಿಟ್ಟುಕೊಂಡರೂ ಪೆಟ್ರೋಲು, ಅದಕ್ಕೆ ಬೆರೆಸುವ ಟೂಟಿ ಆಯಿಲು ಸೇರಿ ನಾಲ್ಕು ಸಾವಿರದ ನಾನೂರರ ಹತ್ತಿರ. ಸ್ಪ್ಲೆಂಡರ್ ಅರವತ್ತು ಕೊಟ್ಟರೆ ಸಾವಿರದ ಎಂಟುನೂರ ಐವತ್ತು. ತಿಂಗಳಿಗೆ ಎರಡೂವರೆ ಸಾವಿರ ಉಳಿತಾಯ. ಲೆಕ್ಕ ಇಷ್ಟು ಸ್ಪಷ್ಟವಾಗಿದ್ದೂ ನಾನು ರಿಪೇರಿಯ ಕಡೆಗೇ ವಾಲುತ್ತಿದ್ದೆ. ಬೇರೆ ಗಾಡಿ ಕೊಂಡರೆ ಇದನ್ನು ಕೈಬಿಟ್ಟ ಹಾಗೆ ಎಂಬುದು ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತ್ತು. ಬೆಂಗಳೂರಿನ ಕಡೆ ಹಳೇ ಯೆಜ್ಡಿಗೆ ಒಳ್ಳೆ ಬೆಲೆ ಇದೆ, ಕೊಟ್ಟುಬಿಡಿ ಎಂದವರಿದ್ದರು. ಆ ಮಾತಿಗೆ ನಾನು ಉತ್ತರ ಕೊಡಲಿಲ್ಲ.

ಗಾಡಿಯ ಸೈಡ್ ಬಾಕ್ಸಿನಲ್ಲಿ ಒಂದು ಪುಸ್ತಕ ಇಟ್ಟಿದ್ದೆ. ಏನು ಕೆಟ್ಟಿತು, ಏನು ಹಾಕಿಸಿದೆ, ಎಷ್ಟಾಯಿತು ಎಂದು ಹನ್ನೊಂದು ವರ್ಷದಿಂದ ಬರೆದದ್ದು. ಎಣ್ಣೆ ಕುಡಿದು ಹಾಳೆಗಳ ಅಂಚುಗಳು ಗಾಜಿನಂತೆ ಪಾರದರ್ಶಕವಾಗಿವೆ. ಹೆಂಡತಿ ಅದನ್ನು ತೆಗೆದುಕೊಂಡು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಓದಿದಳು. ತುಂಬ ಹೊತ್ತು ಓದಿದಳು.

"ರೀ, ಆಯಿಲ್ ಸೀಲು ಅಂದ್ರೆ ಏನು? ಎರಡು ವರ್ಷದಲ್ಲಿ ಆರು ಸಲ ಹಾಕ್ಸಿದೀರಿ."

ಹೇಳಿದೆ. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಪೆಟ್ರೋಲು ಮತ್ತು ಗಾಳಿ ಮೊದಲು ಕ್ರ್ಯಾಂಕ್ ಇರುವ ಕೋಣೆಗೇ ಬಂದು, ಅಲ್ಲಿಂದ ಮೇಲಕ್ಕೆ ಹೋಗಬೇಕು. ಆ ಕೋಣೆಯ ಬಾಗಿಲು ಭದ್ರ ಮಾಡುವುದು ಸೀಲು. ಅದು ಸವೆದರೆ ಪಕ್ಕದ ಗೇರ್ ಆಯಿಲನ್ನು ಇಂಜಿನ್ ಒಳಕ್ಕೆಳೆದುಕೊಂಡು ಸುಡುತ್ತದೆ. ಬಿಳಿ ಹೊಗೆ ಅದೇ.

"ಮತ್ತೆ ಇಲ್ನೋಡಿ, ತಾರೀಖೆಲ್ಲ ಶನಿವಾರ, ಇಲ್ಲಾಂದ್ರೆ ಭಾನುವಾರ."

ನೋಡಿದೆ. ಹೌದು. ಒಂದೂ ತಪ್ಪಿರಲಿಲ್ಲ.

ಮರುದಿನ ಮೆಕ್ಯಾನಿಕ್ ಮುಂದೆ ಪುಸ್ತಕ ಬಿಚ್ಚಿಟ್ಟೆ. ಅವರು ಕನ್ನಡಕ ಏರಿಸಿಕೊಂಡು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಸಾರ್, ಕ್ರ್ಯಾಂಕು ನೇರ ಇಲ್ದೆ ಒದರ್ತಾ ತಿರುಗಿದ್ರೆ ಎಷ್ಟು ಸೀಲ್ ಹಾಕಿದ್ರೂ ತಿಂದ್ಹಾಕುತ್ತೆ. ನಂಗೆ ಗೊತ್ತಿತ್ತು. ಆದ್ರೆ ನೀವು ಶನಿವಾರ ಸಾಯಂಕಾಲ ಬಂದು ಸೋಮವಾರ ಬೆಳಗ್ಗೆ ಗಾಡಿ ಬೇಕು ಅಂತೀರಿ. ಕ್ರ್ಯಾಂಕ್ ಕೆಲಸ ಅಷ್ಟರಲ್ಲಿ ಆಗಲ್ಲ. ಸೀಲ್ ಹಾಕಿ ಕಳಿಸ್ತಿದ್ದೆ" ಎಂದರು.

ಆ ಮಾತು ನನ್ನೊಳಗೆ ಇಳಿಯಲು ಹೊತ್ತು ಹಿಡಿಯಿತು. ಯೆಜ್ಡಿಯನ್ನು ಉಳಿಸಿಕೊಂಡದ್ದು ನಾನು ಎಂದು ತಿಳಿದಿದ್ದೆ. ಅದನ್ನು ಮೇಲಿಂದ ಮೇಲೆ ತೇಪೆ ಹಾಕಿ, ಸವೆದ ಕ್ರ್ಯಾಂಕಿನ ಮೇಲೆ ಮತ್ತೆ ಮತ್ತೆ 46 ಕಿಲೋಮೀಟರು ಓಡಿಸಿದವನೂ ನಾನೇ. ಒರಿಜಿನಲ್ ಪಿಸ್ಟನ್ ಬರಲು ಹತ್ತು ದಿನ ಎಂದಾಗ ಡೂಪ್ಲಿಕೇಟ್ ಆದರೂ ಸರಿ ಎಂದವನು ನಾನು. ಪುಸ್ತಕದಲ್ಲಿ ನನ್ನದೇ ಅಕ್ಷರದಲ್ಲಿ ಅದಿದೆ. ಪ್ರೀತಿ ಕಡಿಮೆಯಿತ್ತು ಅಂತಲ್ಲ, ಪುರುಸೊತ್ತು ಇರಲಿಲ್ಲ. ದಿನವೂ ದುಡಿಯಲೇಬೇಕಾದ ಗಾಡಿಗೆ ಕಾಯಿಲೆ ಬೀಳಲು ಬಿಡುವಿಲ್ಲ. ಬಿಡುವಿಲ್ಲದ್ದಕ್ಕೆ ಔಷಧವೂ ಅರೆಬರೆ.

ಸ್ಪ್ಲೆಂಡರ್ ಕೊಂಡೆವು. ಉಳಿಯುವ ಎರಡೂವರೆ ಸಾವಿರ ಪ್ರತಿ ತಿಂಗಳೂ ಮಂಡಿ ಮೊಹಲ್ಲಾಕ್ಕೆ ಎಂದು ಇಬ್ಬರೂ ಒಪ್ಪಿಕೊಂಡೆವು. ಮೂವತ್ತು ಸಾವಿರಕ್ಕೆ ಒಂದು ವರ್ಷ. ಇಂಜಿನ್ ಒಂದು ವರ್ಷ ಬಿಚ್ಚಿಕೊಂಡಿರುತ್ತದೆ ಎಂದಾಗ ಮೆಕ್ಯಾನಿಕ್ ಮುಖದಲ್ಲಿ ನಾನು ಅದುವರೆಗೆ ನೋಡದ ಒಂದು ನಿರಾಳ ಕಂಡಿತು.

ಸ್ಪ್ಲೆಂಡರ್ ಬಗ್ಗೆಯೂ ಹೇಳಬೇಕು. ಅದಕ್ಕೆ ಜೀವವಿಲ್ಲ, ಹೊಲಿಗೆ ಮೆಷಿನ್ನು ಎನ್ನುವ ಯೆಜ್ಡಿಯವರ ಮಾತನ್ನು ನಾನೂ ಆಡಿದ್ದೇನೆ. ಇನ್ನು ಆಡಲಾರೆ. 97 ಸಿಸಿಯ ಆ ಪುಟ್ಟ ಇಂಜಿನ್ನು ತಾಂಡವಪುರದ ಹತ್ತಿರ ಎದುರುಮಳೆಯಲ್ಲಿ ನಿಲ್ಲಿಸಿ ಮತ್ತೆ ಒದ್ದಾಗ ಒಂದೇ ಕಿಕ್ಕಿಗೆ ಎದ್ದಿತು. ಆಯಿಲು ಬೆರೆಸುವ ಗೊಡವೆ ಇಲ್ಲ, ಅಳತೆ ಡಬ್ಬಿ ಇಲ್ಲ. ಲಕ್ಷಾಂತರ ಮಂದಿಯನ್ನು ಹೊತ್ತು ಹೊತ್ತಿಗೆ ಕೆಲಸಕ್ಕೆ ಮುಟ್ಟಿಸುವುದು ಸಣ್ಣ ಗುಣವಲ್ಲ. ಸಂಜೆ ಮನೆಗೆ ಬಂದಾಗ ಬಿಸಿ ಆರುವ ಇಂಜಿನ್ನಿನ ಮೇಲೆ ಒಮ್ಮೆ ಕೈಯಾಡಿಸುತ್ತೇನೆ.

ಕಳೆದ ತಿಂಗಳು ಕ್ರ್ಯಾಂಕು ಲೇತಿನವನ ಹತ್ತಿರ ಹೋಯಿತು. ಹಳೇ ಪಿನ್ನನ್ನು ಪ್ರೆಸ್ಸಿನಲ್ಲಿ ಒತ್ತಿ ತೆಗೆದು, ಹೊಸ ಬೇರಿಂಗ್ ಕೂರಿಸಿ, ಎರಡು ಮೊನೆಗಳ ನಡುವೆ ನಿಲ್ಲಿಸಿ ಕೈಯಲ್ಲಿ ತಿರುಗಿಸುತ್ತಿದ್ದರು. ಡಯಲ್ ಗೇಜಿನ ಮುಳ್ಳು ಒಂದು ಸುತ್ತಿಗೆ ಅತ್ತ ಸರಿದು ಇತ್ತ ಬರುತ್ತಿತ್ತು. ತಾಮ್ರದ ಸುತ್ತಿಗೆಯಿಂದ ಒಂದು ಪೆಟ್ಟು. ಮತ್ತೆ ತಿರುಗಿಸುವುದು. ಮುಳ್ಳು ಮೊದಲಿಗಿಂತ ಕಡಿಮೆ ಅಲುಗಿತು. ಇನ್ನೊಂದು ಪೆಟ್ಟು. ಹೀಗೇ ಮುಕ್ಕಾಲು ಗಂಟೆ. ನಮ್ಮ ಮೆಕ್ಯಾನಿಕ್ ಮುಳ್ಳಿನಿಂದ ಕಣ್ಣು ಕೀಳದೆ, "ಇನ್ನೂ ಸ್ವಲ್ಪ ಇದೆ. ನಾಳೆ ಬೆಳಕಲ್ಲಿ ಇನ್ನೊಂದ್ಸಲ ನೋಡ್ತೀನಿ. ಆಗುತ್ತಾ ಸಾರ್?" ಎಂದರು.

"ಆಗಲಿ ಅಣ್ಣ, ನಾಳೆಯೇ ನೋಡಿ" ಎಂದು ಹೊರಗೆ ಬಂದೆ. ಅವತ್ತು ಭಾನುವಾರ.