ಶರಾವತಿಯ ಜೊತೆ ಎರಡು ದಿನ

ಪ್ರವಾಸ ಹೊರಟವರು ಸಾಮಾನ್ಯವಾಗಿ ನೇರ ಜೋಗಕ್ಕೆ ಹೋಗಿ, ಜಲಪಾತ ನೋಡಿ, ಫೋಟೋ ತೆಗೆಸಿಕೊಂಡು ಹಿಂತಿರುಗುತ್ತಾರೆ. ಆದರೆ ಹುಟ್ಟಿದಲ್ಲಿಂದ ಸಮುದ್ರ ಸೇರುವವರೆಗೆ ಒಂದು ನದಿಯ ಜೊತೆಗೇ ಸಾಗಬೇಕೆಂದಿದ್ದರೆ ಶರಾವತಿಗಿಂತ ಒಳ್ಳೆಯ ನದಿ ಸಿಗುವುದು ಕಷ್ಟ. ಅದರ ಉದ್ದ ಸುಮಾರು 128 ಕಿಲೋಮೀಟರ್. ಕಾರಿನಲ್ಲಿ ಎರಡು ದಿನ ಸಾಕು.

ಶಿವಮೊಗ್ಗದ ಒಂದು ಕುಟುಂಬ ಏಪ್ರಿಲ್ ರಜೆಯಲ್ಲಿ ಹೀಗೆ ಹೊರಟಿತು. ಅಪ್ಪ, ಅಮ್ಮ, ಒಂಬತ್ತನೆಯ ತರಗತಿ ಮುಗಿಸಿದ ಮಗ, ಜೊತೆಗೆ ಅಜ್ಜಿ.

ಮೊದಲ ನಿಲುಗಡೆ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥ. ಸೀತೆಯ ಬಾಯಾರಿಕೆ ತಣಿಸಲು ರಾಮ ಬಾಣ ಬಿಟ್ಟಾಗ ಇಲ್ಲಿ ನೀರು ಚಿಮ್ಮಿತೆಂಬುದು ಐತಿಹ್ಯ. 'ಶರ' ಎಂದರೆ ಬಾಣ, ಆದ್ದರಿಂದ ಶರಾವತಿ. "ಇದೇನಾ ಕರೆಂಟು ಕೊಡೋ ನದಿ?" ಎಂದು ಹುಡುಗ ನಕ್ಕ.

ಸಾಗರ ದಾಟಿ ಸಿಗಂದೂರಿನ ಹಾದಿಯಲ್ಲಿ, ಅಂಬಾರಗೋಡ್ಲಿನ ಬಳಿ ಅದೇ ನದಿ ಕಡಲಿನಂತೆ ಹರಡಿತ್ತು. ಅದು ಲಿಂಗನಮಕ್ಕಿಯ ಹಿನ್ನೀರು. 2025ರಲ್ಲಿ ಸೇತುವೆ ಆಗುವವರೆಗೆ ಆಚೆ ದಡದ ಜನಕ್ಕೆ ದಶಕಗಳ ಕಾಲ ಇಲ್ಲಿ ಲಾಂಚೇ ಗತಿಯಾಗಿತ್ತು.

"ಇಲ್ಲಿ ಒಂಚೂರು ನಿಲ್ಸು" ಎಂದರು ಅಜ್ಜಿ.

ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ಅಜ್ಜಿಗೆ ಹತ್ತು ವರ್ಷ. ಅವರು ಹುಟ್ಟಿದ ಊರು ಮುಳುಗಿತು. ಸಾಮಾನೆಲ್ಲ ಲಾರಿಗೆ ಹೇರಿ ಮನೆಯವರು ಶಿವಮೊಗ್ಗದ ಕಡೆಗೆ ಬಂದರು.

"ನಿಮ್ಮನೆ ಎಲ್ಲಿತ್ತಜ್ಜಿ?"

"ಆ ದಿಬ್ಬದಾಚೆ. ಮನೆ ಹಿಂದೆ ಅಡಿಕೆ ತೋಟ, ಮುಂದೆ ಗದ್ದೆ."

ಹುಡುಗ ನೋಡಿದ. ನೀರು ಬಿಟ್ಟರೆ ಬೇರೇನೂ ಕಾಣಲಿಲ್ಲ.

ಮಾರನೆಯ ದಿನ ಜೋಗ. ರಾಜಾ, ರಾಣಿ, ರೋರರ್, ರಾಕೆಟ್ ಎಂದು ಪುಸ್ತಕದಲ್ಲಿ ಓದಿದ್ದವನಿಗೆ ಬಂಡೆಯ ಮೇಲೆ ಬಿಳಿ ನೂಲಿನಂತಹ ಗೆರೆಗಳಷ್ಟೇ ಕಂಡವು. ಮಳೆಗಾಲ ಬಿಟ್ಟರೆ ನೀರು ಹೆಚ್ಚಾಗಿ ಅಣೆಕಟ್ಟಿನಲ್ಲೇ ನಿಂತು ವಿದ್ಯುದಾಗಾರಗಳಿಗೆ ಹೋಗುತ್ತದೆ.

"ಇಷ್ಟೇನಾ? ನೀರೆಲ್ಲ ಎಲ್ಲಿ ಹೋಯ್ತು?"

"ಎಲ್ಲೂ ಹೋಗಿಲ್ಲ ಮಾರಾಯ. ನಮ್ಮನೆ ಫ್ಯಾನು ತಿರುಗ್ತಿಲ್ವಾ?" ಎಂದರು ಅಜ್ಜಿ.

ಆ ಮಾತನ್ನು ಲೆಕ್ಕ ಮಾಡಿ ನೋಡೆಂದು ಅಮ್ಮ ಪೆನ್ನು ಕೊಟ್ಟರು. ಜೋಗದ ಎತ್ತರ 253 ಮೀಟರ್. ಒಂದು ಲೀಟರ್ ನೀರಿನ ದ್ರವ್ಯರಾಶಿ ಒಂದು ಕಿಲೋಗ್ರಾಂ. ಅದನ್ನು 9.8ರಿಂದ, ಮತ್ತೆ 253ರಿಂದ ಗುಣಿಸಿದರೆ ಪ್ರಚ್ಛನ್ನ ಶಕ್ತಿ ಸುಮಾರು 2,480 ಜೂಲ್. ಯಂತ್ರಗಳಲ್ಲಿ ಆಗುವ ನಷ್ಟ ಬಿಟ್ಟರೆ, 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬು ಇದರಿಂದ ನಾಲ್ಕೂವರೆ ನಿಮಿಷ ಉರಿಯಬಹುದು. ಜೋಗದಷ್ಟು ಎತ್ತರದಿಂದ ಬಿದ್ದ ಒಂದು ಲೀಟರ್ ನೀರಿಗೆ ನಾಲ್ಕೂವರೆ ನಿಮಿಷದ ಬೆಳಕು! ಒಂದು ಸಂಜೆಯ ಓದಿಗೆ ಎಷ್ಟು ಕೊಡ ನೀರು ಬೇಕೆಂದು ಹುಡುಗ ದಾರಿಯುದ್ದಕ್ಕೂ ಗುಣಿಸುತ್ತಿದ್ದ.

ಘಟ್ಟ ಇಳಿದು, ಗೇರುಸೊಪ್ಪೆ ದಾಟಿ, ಸಂಜೆಯ ಹೊತ್ತಿಗೆ ಹೊನ್ನಾವರ. ಕೊಂಕಣ ರೈಲ್ವೆಯ ಎರಡು ಕಿಲೋಮೀಟರಿಗೂ ಉದ್ದದ ಸೇತುವೆಯ ಕೆಳಗೆ ಶರಾವತಿ ನಿಧಾನವಾಗಿ ಸಮುದ್ರ ಸೇರುತ್ತಿತ್ತು.

ಮಕ್ಕಳಿಗೆ ಜಲಪಾತ ತೋರಿಸುವ ಪಾಲಕರು ಹಿನ್ನೀರಿನ ಬಳಿಯೂ ಒಂದು ಗಳಿಗೆ ಕಾರು ನಿಲ್ಲಿಸಬೇಕು. ಮನೆಯ ಹಿರಿಯರನ್ನೂ ಜೊತೆಗೆ ಕರೆದೊಯ್ದರೆ ಇನ್ನೂ ಒಳ್ಳೆಯದು. ವಿದ್ಯುತ್ತಿನ ಲೆಕ್ಕ ಪಠ್ಯಪುಸ್ತಕದಲ್ಲಿದೆ. ಅದಕ್ಕೆ ಯಾರು ಏನು ಕೊಟ್ಟರೆಂಬ ಲೆಕ್ಕ ಹಿರಿಯರ ನೆನಪಿನಲ್ಲಿದೆ. ಆ ರಾತ್ರಿ ಹುಡುಗ ಅಜ್ಜಿಯನ್ನು ಕೇಳಿ, 2,480 ಜೂಲ್ ಎಂದು ಬರೆದಿದ್ದ ಹಾಳೆಯಲ್ಲೇ ಮುಳುಗಿದ ಊರಿನ ಹೆಸರನ್ನೂ ಬರೆದಿಟ್ಟ.