ಕಂಬಂ ದಾರಿಯಲ್ಲಿ ಬೆಂಗಳೂರು

2013ರಲ್ಲಿ ನಾನು ಇಡುಕ್ಕಿ ಜಿಲ್ಲೆಯ ಕುಮಳಿಯಲ್ಲಿ ಬ್ಯಾಂಕ್ ಗುಮಾಸ್ತ. ವಾಸ ಮಾತ್ರ ಘಾಟಿಯ ಕೆಳಗೆ, ತಮಿಳುನಾಡಿನ ಕಂಬಂನಲ್ಲಿ. ಮನೆಯೊಡತಿ ಅಜ್ಜಿ ಕನ್ನಡ ಮಾತಾಡುತ್ತಾರೆಂಬುದೇ ಅದಕ್ಕೆ ಕಾರಣ. ತೇನಿ, ಬೋಡಿ, ಕಂಬಂ ಸುತ್ತಿನ ಕಪ್ಪಿಲಿಯರ ಮನೆಮಾತು ಕನ್ನಡ. ಓದು, ಬರಹ, ಸಂತೆ, ಕಚೇರಿ ಎಲ್ಲವೂ ತಮಿಳು. ಕಾಸರಗೋಡಿನವನಾದ ನನಗೆ ಅಜ್ಜಿಯ ಮಾತು ಅರ್ಧ ತಿಳಿಯುತ್ತಿತ್ತು. ಉಳಿದರ್ಧ ನಗುವಿನಲ್ಲಿ ಸಾಗುತ್ತಿತ್ತು.

ನನ್ನ ಬಳಿ 1997ರ ಮಾರುತಿ 800 ಇತ್ತು. ಅದರ ರೇಡಿಯೋದಲ್ಲಿ ಕೊಡೈಕೆನಾಲ್ ಬೆಟ್ಟದ ಎಫ್.ಎಂ. 100.5 ಸಲೀಸಾಗಿ ಬರುತ್ತಿತ್ತು. ಮೀಡಿಯಂ ವೇವ್‌ಗೆ ತಿರುಗಿಸಿದರೆ ಬರೀ ಕರಕರ. ಕತ್ತಲಾದ ಮೇಲೆ ಈ ಅಲೆಗಳು ಮೇಲಿನ ವಾಯುಮಂಡಲಕ್ಕೆ ತಾಗಿ ನೂರಾರು ಕಿಲೋಮೀಟರ್ ದೂರ ಇಳಿಯುತ್ತವೆಂದು ಓದಿದ್ದೆ. ಹಾಗಾದರೆ 612 ಕಿಲೋಹರ್ಟ್ಸ್‌ನ ಬೆಂಗಳೂರು ಇಲ್ಲೇಕೆ ಕೇಳದು? ಬೆಟ್ಟಗಳನ್ನೇ ದೂರಿದ್ದೆ.

ದಿಂಡಿಗಲ್‌ನ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ರೇಡಿಯೋ ಹಾಕಿಟ್ಟು ಎಂಜಿನ್ ಆರಿಸಿದರು. ಕರಕರ ನಿಂತಿತು. "ತಪ್ಪು ಬೆಟ್ಟದ್ದಲ್ಲ ಸಾರ್, ವಂಡಿಯದ್ದು" ಎಂದರು ತಮಿಳಿನಲ್ಲಿ.

ಏರಿಯಲ್ ಬಿಚ್ಚಿದರೆ ಬುಡದಲ್ಲಿ ತುಕ್ಕು. ತಂತಿಯ ಹೊರಜಾಲರಿಗೆ ಬಾಡಿಯ ಅರ್ಥಿಂಗೇ ಇಲ್ಲ. ಲೋಹ ಹೊಳೆಯುವವರೆಗೆ ಕೆರೆದು, ಗ್ರೀಸ್ ಹಚ್ಚಿ ಬಿಗಿದರು. ಕಿಡಿಯ ಸದ್ದು ತಡೆಯಲು ರೆಸಿಸ್ಟರ್ ಇರುವ ಪ್ಲಗ್ ಹಾಕಿದರು; ಆಲ್ಟರ್ನೇಟರ್‌ಗೆ ಒಂದು ಕಂಡೆನ್ಸರ್ ಕಟ್ಟಿದರು. ಕೊನೆಗೆ, ಸುಮಾರು 1400ರ ಬಳಿ ಕ್ಷೀಣವಾಗಿ ಬರುತ್ತಿದ್ದ ಒಂದು ನಿಲಯ ಹಿಡಿದು, ಸೆಟ್ಟಿನ ಪಕ್ಕದ ಪುಟ್ಟ ಟ್ರಿಮ್ಮರ್ ಸ್ಕ್ರೂವನ್ನು ದನಿ ಜೋರಾಗುವಷ್ಟು ತಿರುಗಿಸಿದರು. ಹೊಸ ಸೆಟ್ಟು ಬೇಕಾಗಲೇ ಇಲ್ಲ.

ಅಂದು ಅಜ್ಜಿಯೂ ಜೊತೆಗಿದ್ದರು. ದಿಂಡಿಗಲ್‌ನಲ್ಲಿ ಮಗಳನ್ನು ನೋಡಲು ಬಂದಿದ್ದರು. ಮರಳುವಾಗ ವತ್ತಲಗುಂಡು ದಾಟುವಷ್ಟರಲ್ಲಿ ಕತ್ತಲಾಯಿತು. ತೇನಿ ಕಳೆದು, ವೀರಪಾಂಡಿಯ ಹತ್ತಿರ 612ಕ್ಕೆ ತಿರುಗಿಸಿದೆ. ಉಬ್ಬುತ್ತ ಇಳಿಯುತ್ತ ಒಂದು ಹೆಣ್ಣುದನಿ ಬಂತು. ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಅಜ್ಜಿ ಎದ್ದು ಕೂತರು. "ಮಳೆ ಅಂದಳು" ಎಂದರು. ಸ್ವಲ್ಪ ಹೊತ್ತಿಗೆ, "ಈಗ ಹೊಲ ಅಂದಳು."

"ಯಾರಪ್ಪಾ ಇವಳು? ಬೋಡಿಯವಳಾ?"

"ಅಲ್ಲ ಅಜ್ಜೀ, ಬೆಂಗಳೂರು."

"ಅಲ್ಲೂ ನಮ್ಮ ಮಾತು ಆಡ್ತಾರಾ?"

ನಾನು ಕನ್ನಡ ಶಾಲೆಯಲ್ಲಿ ಕಲಿತವನು. ಊರಿನಲ್ಲಿ ಕನ್ನಡಕ್ಕಾಗಿ ನಡೆದ ಸಭೆಗಳಲ್ಲಿ ಕೂತವನು. ಆದರೂ ಆ ಪ್ರಶ್ನೆಗೆ ಒಮ್ಮೆಲೇ ಉತ್ತರ ಬಾಯಿಗೆ ಬರಲಿಲ್ಲ. ಎಪ್ಪತ್ತು ದಾಟಿದ ಅಜ್ಜಿಗೆ ಅದು ತಮ್ಮ ಕೆಲವು ಬೀದಿಗಳ, ಅಡುಗೆಮನೆಗಳ ಮಾತು ಮಾತ್ರವಾಗಿತ್ತು.

"ಹೂಂ ಅಜ್ಜೀ, ಅಲ್ಲಿ ಎಲ್ಲರೂ ಆಡ್ತಾರೆ" ಎಂದೆ.

ಮನೆ ಬಂದರೂ ಅವರು ಇಳಿಯಲಿಲ್ಲ. ಎಂಜಿನ್ ಆರಿಸಿ, ರೇಡಿಯೋ ಹಾಗೇ ಬಿಟ್ಟು, ಬೀಗದ ಕೈ ಅವರ ಬಳಿಯೇ ಉಳಿಸಿ ಒಳಗೆ ಹೋದೆ. ಬೆಳಿಗ್ಗೆ ಬ್ಯಾಟರಿ ಪೂರ್ತಿ ಇಳಿದಿತ್ತು. ಅಜ್ಜಿಯ ಮೊಮ್ಮಕ್ಕಳು ಬೀದಿಯುದ್ದಕ್ಕೂ ತಳ್ಳಿ ಸ್ಟಾರ್ಟ್ ಮಾಡಿಸಿದರು. ಆ ದಿನ ನಾನು ಬ್ಯಾಂಕಿಗೆ ತಡವಾಗಿ ಹೋದೆ.