ತೋಂಡಿ ಪರೀಕ್ಷೆ

ನಮ್ಮ ಕಡೆಯ ಹಳೆಯ ಮಾಸ್ತರರು ಮೌಖಿಕ ಪರೀಕ್ಷೆಯನ್ನು ‘ತೋಂಡಿ ಪರೀಕ್ಷೆ’ ಎಂದು ಕರೆಯುತ್ತಿದ್ದರು. ಮರಾಠಿಯ ನೆರೆಯಲ್ಲಿ ಬಾಳಿದ ಬಾಗಲಕೋಟೆ-ವಿಜಾಪುರದ ಸೀಮೆಗೆ ಇಂಥ ಶಬ್ದಗಳು ಬೀಗರಂತೆ ಬಂದು, ಊಟ ಮುಗಿದರೂ ಏಳದೆ, ಕಡೆಗೆ ಮನೆಯವರೇ ಆಗಿಬಿಟ್ಟಿವೆ. ತೋಂಡ ಎಂದರೆ ಬಾಯಿ. ಕಾಗದದ ಮೇಲಿನದನ್ನು ಬೇರೆಯವರಿಂದ ಬರೆಯಿಸಿಕೊಳ್ಳಬಹುದು, ಬಾಯಿಯನ್ನು ಮಾತ್ರ ಕಡ ತರುವ ಹಾಗಿಲ್ಲ. ಈ ನಂಬಿಕೆಯೇ ತೋಂಡಿ ಪರೀಕ್ಷೆಯ ತಳಪಾಯ. ವಿಶ್ವವಿದ್ಯಾಲಯಗಳು ಇದನ್ನೇ ಲ್ಯಾಟಿನ್ನಿನಲ್ಲಿ ‘ವೈವಾ ವೋಸಿ’ ಎನ್ನುತ್ತವೆ. ಜೀವಂತ ದನಿಯಿಂದ ಎಂಬುದು ಅದರ ಅರ್ಥ. ಹೆಸರು ಎಷ್ಟು ಚೆಂದ! ಅದರೊಳಗೆ ಜೀವವೆಷ್ಟು, ದನಿಯೆಷ್ಟು ಎಂಬುದು ಬೇರೆಯ ಮಾತು.

ಇದನ್ನು ನಾನು ದಡದಲ್ಲಿ ನಿಂತು ಹೇಳುತ್ತಿಲ್ಲ. ನನಗೀಗ 46. ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತ ಕೂದಲು ಹಣ್ಣಾಗಿದೆ. ಹೆಸರಿನ ಹಿಂದೆ ಡಾಕ್ಟರು ಎಂಬುದಿಲ್ಲದಿದ್ದರೆ ಬಡ್ತಿಯ ಮೆಟ್ಟಿಲು ಒಂದು ಹಂತದಲ್ಲಿ ನಿಂತುಬಿಡುತ್ತದೆ. ಹೀಗಾಗಿ ಇಳಕಲ್ಲಿನ ಕೈಮಗ್ಗದವರ ವೃತ್ತಿಪದಗಳ ಮೇಲೆ ಒಂದು ಮಹಾಪ್ರಬಂಧ ಬರೆದು ಒಪ್ಪಿಸಿ, ಕರೆ ಬರುವುದನ್ನು ಕಾಯುತ್ತ ಕುಳಿತಿದ್ದೇನೆ. ಕಾಯುವವನಿಗೆ ಬೇರೇನು ಕೆಲಸ? ನಿಯಮಗಳನ್ನು ಓದುವುದು.

ವಿಶ್ವವಿದ್ಯಾಲಯ ಅನುದಾನ ಆಯೋಗದವರು 2009ರಲ್ಲಿ ಒಮ್ಮೆ, 2016ರಲ್ಲಿ ಒಮ್ಮೆ, 2022ರ ನವೆಂಬರಿನಲ್ಲಿ ಮತ್ತೊಮ್ಮೆ ಈ ಪದವಿಯ ವಿಧಿಗಳನ್ನು ಹೊರಡಿಸಿದರು. 2022ರ ವಿಧಿಯ ಪ್ರಕಾರ ಪ್ರಬಂಧವನ್ನು ಮಾರ್ಗದರ್ಶಕರಲ್ಲದೆ ಹೊರಗಿನ ಇಬ್ಬರು ಪರೀಕ್ಷಕರಾದರೂ ಓದಬೇಕು. ಆ ಇಬ್ಬರಲ್ಲಿ ಒಬ್ಬರು ಒಲ್ಲೆನೆಂದರೆ ಮತ್ತೊಬ್ಬ ಹೊಸ ಪರೀಕ್ಷಕರಿಗೆ ಕಳಿಸಬೇಕು. ಅವರೂ ಒಲ್ಲೆನೆಂದರೆ ಮುಗಿಯಿತು. ಎಲ್ಲರೂ ಹೂಂ ಎಂದ ಮೇಲೆ ಮೌಖಿಕ ಪರೀಕ್ಷೆ. ಅದಕ್ಕೆ ಮಾರ್ಗದರ್ಶಕರೂ ಹೊರಗಿನವರಲ್ಲಿ ಒಬ್ಬರಾದರೂ ಇರತಕ್ಕದ್ದು. ಯಂತ್ರದ ಪರದೆಯ ಮೇಲೆ ಮುಖ ತೋರಿಸಿದರೂ ನಡೆಯುತ್ತದೆ. ಪ್ರಬಂಧ ಕೊಟ್ಟ ಆರು ತಿಂಗಳೊಳಗೆ ಇದೆಲ್ಲ ಮುಗಿಯಬೇಕು. ಆರು ತಿಂಗಳು ಎಂಬ ಮಾತನ್ನು ನಾನು ದಿನಕ್ಕೆರಡು ಸಲ ಓದುತ್ತೇನೆ. ಸಂಧ್ಯಾವಂದನೆಗೆ ಬದಲು ಎನ್ನಿರಿ.

ಗಮನಿಸಬೇಕಾದ ಸಂಗತಿಯೊಂದಿದೆ. ಇಬ್ಬರು ಹೊರಗಿನವರು ಬರೆಹದಲ್ಲಿ ಒಪ್ಪಿಗೆ ಕೊಟ್ಟ ಮೇಲೆಯೇ ಬಾಯಿಯ ಪರೀಕ್ಷೆ. ಎಂದರೆ ಮದುವೆ ಗೊತ್ತಾಗಿ, ಲಗ್ನಪತ್ರಿಕೆ ಹಂಚಿದ ಮೇಲೆ ಹೆಣ್ಣು ನೋಡುವ ಶಾಸ್ತ್ರ! ಆದುದರಿಂದಲೇ ಇದಕ್ಕೆ ಮದುವೆಯ ಕಳೆ ಬಂದಿದೆ. ನಾನು ಕಂಡ ಹಲವು ಪರೀಕ್ಷೆಗಳಲ್ಲಿ ಶಾಲುಗಳ ಲೆಕ್ಕ ಪ್ರಶ್ನೆಗಳ ಲೆಕ್ಕಕ್ಕಿಂತ ಹೆಚ್ಚಾಗಿತ್ತು. ಪರೀಕ್ಷಕರ ಕಣ್ಣು ಗೋಡೆಯ ಗಡಿಯಾರದ ಮೇಲೆ, ಅಭ್ಯರ್ಥಿಯ ಕಣ್ಣು ಊಟದ ವ್ಯವಸ್ಥೆಯ ಮೇಲೆ. “ನಿಮ್ಮ ಸಂಶೋಧನೆಯ ಮುಖ್ಯ ಫಲಿತಗಳೇನು?” ಎಂದು ಅವರು ಕೇಳಬೇಕು, ಪ್ರಬಂಧದ ಕೊನೆಯ ಅಧ್ಯಾಯವನ್ನು ಇವನು ಒಪ್ಪಿಸಬೇಕು, ಸಭೆ ಚಪ್ಪಾಳೆ ತಟ್ಟಬೇಕು. ಫೋಟೋ ತೆಗೆಯುವವನು ಮಾತ್ರ ಅಲ್ಲಿ ನಿಜವಾಗಿ ಕೆಲಸ ಮಾಡುತ್ತಿರುತ್ತಾನೆ.

ಹೀಗೆಂದು ಈ ಪರೀಕ್ಷೆಯೇ ಬೇಡವೆನ್ನುವವರ ಪಂಗಡಕ್ಕೆ ನಾನು ಸೇರಿದವನಲ್ಲ. ಏಕೆಂದರೆ ಒಮ್ಮೆ ಒಂದು ನಿಜವಾದ ಪರೀಕ್ಷೆಯನ್ನೂ ಕಂಡಿದ್ದೇನೆ. ಹುಡುಗಿ ಶಾಸನಗಳ ಮೇಲೆ ಬರೆದಿದ್ದಳು. ಅಂಜಿಕೆಯಿಂದ ಆಕೆಯ ಮಾತು ತೊಡರುತ್ತಿತ್ತು. ಹೊರಗಿನಿಂದ ಬಂದ ವೃದ್ಧ ಪರೀಕ್ಷಕರು ಹಾಳೆಗಳನ್ನು ಪಕ್ಕಕ್ಕಿಟ್ಟು, “ತಂಗೀ, ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವನ್ನು ಪುಸ್ತಕದಲ್ಲಿ ಓದಿದೆಯೋ, ಬಂಡೆಯ ಮೇಲೆ ಓದಿದೆಯೋ?” ಎಂದರು. ಆಕೆಯ ಮುಖ ಅರಳಿತು. ಬೆಳಕು ಓರೆಯಾಗಿ ಬೀಳುವ ಹೊತ್ತಿಗೆ ಅಕ್ಷರಗಳು ಹೇಗೆ ಎದ್ದು ಕಾಣುತ್ತವೆ, ಸುಮಾರು ಕ್ರಿ.ಶ. 700ರ ಆ ತ್ರಿಪದಿಯನ್ನು ತಾನು ಗಟ್ಟಿಯಾಗಿ ಓದಿದಾಗ ಬುತ್ತಿ ತಂದಿದ್ದ ಅಜ್ಜಿ ಅದನ್ನು ಬೀಸುವ ಪದದ ಧಾಟಿಗೆ ಹೇಗೆ ಎಳೆದಳು ಎಂದು ಹೇಳುತ್ತ ಹೋದಳು. ಇಪ್ಪತ್ತು ನಿಮಿಷ ಯಾರೂ ಗಡಿಯಾರ ನೋಡಲಿಲ್ಲ. ಜೀವಂತ ದನಿ ಎಂದರೆ ಏನೆಂದು ನನಗೆ ಅಂದು ತಿಳಿಯಿತು. ಬರೆದ ಪುಟ ಇಂಥದನ್ನು ಹೇಳಲಾರದು, ಕೇಳುವವರಿದ್ದರೆ ಬಾಯಿ ಹೇಳುತ್ತದೆ.

ಬೇರೆ ದೇಶಗಳಲ್ಲಿ ಒಂದೊಂದು ರೀತಿ. ಇಂಗ್ಲೆಂಡಿನಲ್ಲಿ ಬಾಗಿಲು ಮುಚ್ಚಿಕೊಂಡು ಪ್ರಶ್ನಿಸುತ್ತಾರೆ. ಹಾಲೆಂಡಿನಲ್ಲಿ ಎಲ್ಲರೆದುರು ನಡೆಯುತ್ತದೆ. ವೇಳೆ ಮುಗಿದೊಡನೆ ದಂಡ ಹಿಡಿದ ಅಧಿಕಾರಿ ಬಂದು, ಲ್ಯಾಟಿನ್ನಿನಲ್ಲಿ ಹೊತ್ತಾಯಿತು ಎಂದು ಸಾರಿದರೆ ಅರ್ಧ ವಾಕ್ಯದಲ್ಲಿದ್ದವನೂ ಬಾಯಿ ಮುಚ್ಚಬಹುದು. ಸ್ವೀಡನ್ನಿನವರ ಪದ್ಧತಿ ನನಗೆ ಬಹಳ ಹಿಡಿಸಿತು. ಬಹಿರಂಗ ವಾದಕ್ಕೆ ಮೂರು ವಾರ ಮುಂಚೆಯೇ ಪ್ರಬಂಧವನ್ನು ಮೊಳೆ ಹೊಡೆದು ಹಲಗೆಗೆ ತೂಗುಹಾಕುತ್ತಾರಂತೆ. ಬೇಕಾದವರು ಓದಿಕೊಂಡು ಬರಲಿ ಎಂದು!

ಇದು ನಮಗೇನು ಹೊಸತೆ? ಮೊಳೆಯ ಬದಲು ನಮ್ಮವರು ಉಳಿ ಹಿಡಿದಿದ್ದರು. ಒಂದನೆಯ ಪುಲಕೇಶಿ ಕೋಟೆ ಕಟ್ಟಿದ ಸಂಗತಿಯನ್ನು ಕ್ರಿ.ಶ. 543ರಲ್ಲಿ ಬಾದಾಮಿಯ ಬಂಡೆಗೇ ಬರೆಯಿಸಿದ. ಐಹೊಳೆಯ ಮೇಗುತಿಯ ಗೋಡೆಯ ಮೇಲೆ 634ರಲ್ಲಿ ರವಿಕೀರ್ತಿ ತಾನು ಕಾಳಿದಾಸ-ಭಾರವಿಗಳಿಗೆ ಸರಿಸಮನೆಂದು ಕೆತ್ತಿಸಿಕೊಂಡ. ಹೊರಗಿನ ಪರೀಕ್ಷಕರಿಲ್ಲದೆ ತನಗೆ ತಾನೇ ಪದವಿ ಕೊಟ್ಟುಕೊಂಡ ಮಹಾಶಯ! ಆದರೂ ಗೋಡೆಯ ಮೇಲಿಟ್ಟನಲ್ಲ; ಒಪ್ಪುವವರು ಒಪ್ಪಲಿ, ನಗುವವರು ನಗಲಿ ಎಂಬ ಧೈರ್ಯವಾದರೂ ಅವನಿಗಿತ್ತು. ಇನ್ನು ಹುನಗುಂದ ತಾಲ್ಲೂಕಿನ ಕೂಡಲಸಂಗಮಕ್ಕೆ ಹೋದವರಿಗೆ ಕಲ್ಯಾಣ ನೆನಪಾಗದೆ ಇರದು. ಶೂನ್ಯಸಂಪಾದನೆಯ ಅಲ್ಲಮ ಅಕ್ಕಮಹಾದೇವಿಯನ್ನು ಪ್ರಶ್ನಿಸುವ ಪ್ರಸಂಗಕ್ಕಿಂತ ಕಠಿಣವಾದ ತೋಂಡಿ ಪರೀಕ್ಷೆ ಕನ್ನಡದಲ್ಲಿ ಇನ್ನೊಂದಿಲ್ಲ. ಅಲ್ಲಿ ಕೇಳುವವನು ಸೋಲಿಸಲು ಕೇಳುವುದಿಲ್ಲ, ಹೇಳುವವಳು ಮೆಚ್ಚಿಸಲು ಹೇಳುವುದಿಲ್ಲ. ಬದುಕಿಗೂ ಮಾತಿಗೂ ನಡುವೆ ಸಂದು ಇದೆಯೇ ಎಂಬುದಷ್ಟೇ ಪರೀಕ್ಷೆ.

ಸಂದು ಎಂದಾಗ ಇಳಕಲ್ಲ ಸೀರೆಯ ನೆನಪಾಗುತ್ತದೆ. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಕೊಂಡಿ ಗಟ್ಟಿಯಿದ್ದರೆ ಸೀರೆ, ಇಲ್ಲದಿದ್ದರೆ ಎರಡು ತುಂಡು ಬಟ್ಟೆ. ಕೆಂಪು ರೇಷ್ಮೆಯ ಸೆರಗು ಹೊದ್ದ ಪ್ರಬಂಧವೂ ಅದನ್ನು ಬರೆದವನ ಒಡಲೂ ಕೂಡಿವೆಯೇ ಎಂದು ಜಗ್ಗಿ ನೋಡುವುದಕ್ಕೇ ಅಲ್ಲವೆ ಈ ಪರೀಕ್ಷೆ ಇರುವುದು?

ಈಚೆಗೆ ಪ್ರಬಂಧದ ಒಂದು ಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಇಳಕಲ್ಲಿಗೆ ಹೋದೆ. ನನಗೆ ಶಬ್ದಗಳನ್ನು ಕೊಟ್ಟವರಲ್ಲಿ ಮೊದಲಿನವಳು ಅಲ್ಲಿಯ ಒಬ್ಬ ಮುದುಕಿ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಆಯುಷ್ಯ ಕಳೆದವಳು. ಮಗ ಮಗ್ಗ ಬಿಟ್ಟು ಗ್ರಾನೈಟ್ ಕಾರ್ಖಾನೆ ಸೇರಿದ್ದಾನೆ.

“ಮಾಸ್ತರ್ರ, ನಾವು ಹೇಳಿದ್ದೆಲ್ಲಾ ಬರಕೊಂಡ್ರಿ. ಈಗ ಅದರಾಗ ಏನೈತಿ ನಮಗೂ ಒಂದೀಟು ಓದಿ ಹೇಳ್ರಿ.”

“ಅದಕ್ಕಂತನ ಬಂದೀನ್ರಿ, ಅವ್ವಾರ.”

ಓದಿದೆ. ದಡಿಗಳ ಹೆಸರು ಬಂದಾಗ, ಗೋಮಿ, ಪರಾಸಪೇಟಿ, ಗಾಡಿ ಎಂದು ನನಗಿಂತ ಮುಂಚೆ ತಾನೇ ಹೇಳಿದಳು. ಕೊಂಡಿಯ ಭಾಗ ಬಂತು.

“ಕೊಂಡಿ ಹಾಕುವಾಗ ಬೆರಳ ತುದಿ ಹೆಂಗ ಉರೀತಾವು, ಅದನ್ನ ಬರದೀರೇನು?”

ಆ ಅಧ್ಯಾಯದ ಕೊನೆಯಲ್ಲಿ ಅದಕ್ಕೊಂದು ಪುಟವಿತ್ತು. ಓದಿ ತೋರಿಸಿದೆ. ತಲೆಯಾಡಿಸಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದಳು:

“ಇಷ್ಟ ದಪ್ಪ ಪುಸ್ತಕ ಆದಮ್ಯಾಲ ನಮ್ಮ ಮಗ್ಗ ಉಳೀತದೇನ್ರಿ?”

“ಮಗ್ಗ ಉಳಸೂದು ಇದರ ಕೈಯಾಗ ಇಲ್ರಿ, ಅವ್ವಾರ. ಮಗ್ಗದ ಮಾತು ಉಳಸತೈತಿ.”

“ಮಗ್ಗ ಹೋದಮ್ಯಾಲ ಮಾತು ಯಾರಿಗೆ ಬೇಕ್ರಿ?”

ನನಗೆ ಗೊತ್ತಿರುವ ಯಾವ ಪರೀಕ್ಷಕರೂ ಈ ಪ್ರಶ್ನೆಯನ್ನು ಕೇಳಲಾರರು. ಮುಂದೆ ಯಾವನಾದರೊಬ್ಬ ಹುಡುಗ ಮತ್ತೆ ಮಗ್ಗ ಹೂಡಬೇಕೆಂದರೆ ಅವನಿಗೆ ಹೆಸರುಗಳಾದರೂ ಸಿಕ್ಕಾವು ಎಂದು ಹೇಳಿದೆ. “ಹೂಡಿದ್ರ ಛಲೋ,” ಎಂದಳು. ತೇರ್ಗಡೆಯೋ ನಪಾಸೋ ಆ ದನಿಯಿಂದ ತಿಳಿಯಲಿಲ್ಲ.

ಬಸ್ಸಿನಲ್ಲಿ ಮರಳುವಾಗ ನಿಯಮವೇ ತಲೆಯಲ್ಲಿತ್ತು. 2009ರ ವಿಧಿ ಅಭ್ಯರ್ಥಿ ಬಹಿರಂಗವಾಗಿ ತನ್ನ ಪ್ರಬಂಧವನ್ನು ಸಮರ್ಥಿಸಿಕೊಳ್ಳಬೇಕು ಎಂದಿತ್ತು. 2022ರದು ಪರೀಕ್ಷೆ ಯಾರಿಗೆ ತೆರೆದಿರಬೇಕೆಂದು ಎಣಿಸಿ ಹೇಳುತ್ತದೆ: ಸಲಹಾ ಸಮಿತಿಯವರು, ಅಧ್ಯಾಪಕರು, ಸಂಶೋಧಕರು, ವಿದ್ಯಾರ್ಥಿಗಳು. ಜಾನಪದ, ಗ್ರಾಮನಾಮ, ವೃತ್ತಿಪದ ಎಂದು ನಾವು ಬರೆಯುವ ಪ್ರಬಂಧಗಳಿಗೆ ಸರಕು ಕೊಟ್ಟವರ ಹೆಸರು ಆ ಎಣಿಕೆಯಲ್ಲಿಲ್ಲ. ಅವರ ಹೆಸರು ಅನುಬಂಧದಲ್ಲಿರುತ್ತದೆ, ವಯಸ್ಸು ಮತ್ತು ಊರಿನ ಸಮೇತ. ಅವರಿಗೆ ಕುರ್ಚಿ ಮಾತ್ರ ಇರುವುದಿಲ್ಲ. ಪದವಿ ಕೊಡುವ ಅಧಿಕಾರ ಅವರಿಗೆ ಬೇಕೆಂದು ನಾನು ಹೇಳುತ್ತಿಲ್ಲ. ತಮ್ಮ ಮಾತನ್ನು ತಮ್ಮೆದುರಿಗೇ ಒರೆಗೆ ಹಚ್ಚುವಾಗ ಅದನ್ನು ಕೇಳಲು, ಒಂದು ಪ್ರಶ್ನೆ ಹಾಕಲು, ಅವರಿಗೆ ಜಾಗವಿರಲಿ. ಹಾಗಾದರೆ ಶಾಲು ಹೊದಿಸುವ ಅವಸರ ತಾನಾಗಿಯೇ ಕಡಿಮೆಯಾದೀತು.

ಮರುದಿನ ಕಚೇರಿಗೆ ಹೋಗಿ ಅಲ್ಲಿಯ ಗುಮಾಸ್ತರನ್ನು ಕೇಳಿದೆ: “ನೇಕಾರ ಅವ್ವ ಒಬ್ಬಾಕಿ ಪರೀಕ್ಷೆಗೆ ಬರಬಹುದೇನ್ರಿ?” ಅವರು ಕನ್ನಡಕ ಏರಿಸಿ ನಿಯಮದ ಪುಟ ತಿರುವಿದರು. “ಸರ, ಬರಬೇಕಂತ ಇದರಾಗ ಎಲ್ಲೂ ಇಲ್ಲ,” ಎಂದರು. ಇನ್ನೊಂದು ಪುಟ ತಿರುವಿ, “ಬರಬಾರದಂತನೂ ಎಲ್ಲೂ ಇಲ್ಲ,” ಎಂದರು.

ನನಗೆ ಅಷ್ಟು ಸಾಕು. ಕರೆ ಬಂದ ದಿನ ಬಸ್ಸಿನಲ್ಲಿ ಎರಡು ಸೀಟು ಹಿಡಿಯುತ್ತೇನೆ.